ಎಲೆಯ ತುದಿಗೆ ಉಪ್ಪು ಬಡಿಸುವುದು ಬೇಡ



2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ನಾವೆಲ್ಲ ಹೆದರಿದೆವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಹೆದರಿದ್ದು ತಪ್ಪಲ್ಲ. ಆದರೆ ಇಸಿಜಿ ಮಾಡಿಸಿ, ಏನೂ ತೊಂದರೆಯಿಲ್ಲ ಅನ್ನಿಸಿಕೊಂಡು ಬಂದವರೂ ಮತ್ತೆ ಕೂತದ್ದು ಅದೇ ತಟ್ಟೆಯ ಮುಂದೆ. ಆ ತಟ್ಟೆಯಲ್ಲಿ ಉಪ್ಪು ಕಡಿಮೆ ಮಾಡಿ ಎಂದು ಕೇಳಿಕೊಳ್ಳಲು ಈ ಕರಪತ್ರ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಮ್ಮ ಮೈಯ ಮಟ್ಟಿಗೆ ಅಕ್ಷರಶಃ ನಿಜ. ಮೈಗೆ ಸೇರಿದ ಉಪ್ಪು ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳಲ್ಲಿ ಹರಿಯಬೇಕಾದದ್ದು ಹೆಚ್ಚಾಗುತ್ತದೆ, ಒತ್ತಡ ಏರುತ್ತದೆ, ಹೃದಯ ಅಷ್ಟೂ ಬಲ ಹಾಕಿ ತಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದರೆ ಅದರ ಗೋಡೆ ದಪ್ಪವಾಗುತ್ತದೆ, ನಾಳಗಳು ಪೆಡಸಾಗುತ್ತವೆ. ಬಹಳ ಜನರಿಗೆ ಇದರಿಂದ ನೋವೂ ಇಲ್ಲ, ಸುಸ್ತೂ ಇಲ್ಲ. ಹಾಗಾಗಿಯೇ ಬಿಪಿ ಇರುವುದು ಗೊತ್ತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಿಮ್ಮ ಮನೆಯ ಲೆಕ್ಕ ನೋಡಲು ಒಂದು ಸುಲಭ ದಾರಿಯಿದೆ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ನಾಲ್ಕು ಜನ ದೊಡ್ಡವರಿರುವ ಮನೆಗೆ ಅದು ಕನಿಷ್ಠ 50 ದಿನ ಬರಬೇಕು. ತಿಂಗಳಿಗೇ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು ಎಂದೇ ಲೆಕ್ಕ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ನಿಪ್ಪಟ್ಟು, ಮಿಕ್ಸ್ಚರ್, ಬೇಕರಿಯ ಖಾರಾ ಬನ್ನಿನಲ್ಲಿರುವ ಉಪ್ಪು ಇದರ ಮೇಲಿನದು. ನಾಲಿಗೆಗೆ ಸಿಹಿಯಾಗಿರುವ ಬಿಸ್ಕತ್ತಿನಲ್ಲೂ ಉಪ್ಪಿದೆ.

ಸೈಂಧವ ಲವಣ ತಂದರೆ ಆಯಿತು ಎಂದು ಕೆಲವರು ನಂಬಿದ್ದಾರೆ. ಅದರಲ್ಲಿ ಇರುವುದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಅಯೋಡಿನ್ ಇರುವ ಉಪ್ಪನ್ನೇ ತನ್ನಿ, ಕಡಿಮೆ ಹಾಕಿ. ಪೊಟ್ಯಾಸಿಯಂ ಬೆರೆಸಿದ ಉಪ್ಪು ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಉಪ್ಪು ಬಿಟ್ಟೆವೆಂದು ಮಾತ್ರೆಯನ್ನೂ ಬಿಡಬೇಡಿ.

ಉಪ್ಪಿಗಿಂತ ರುಚಿಯಿಲ್ಲ ಎನ್ನುವವರಿಗೆ ನಮ್ಮ ಮನೆಯ ಮಾತು ಹೇಳುತ್ತೇನೆ. ಮೊದಲ ವಾರ ಸಾರು ಸಪ್ಪೆ ಎಂದು ಎಲ್ಲರೂ ಮುಖ ಕಿವುಚಿದರು. ನಾವು ಒಂದೇ ಸಲ ಇಳಿಸಲಿಲ್ಲ, ಚಿಟಿಕೆ ಚಿಟಿಕೆಯಾಗಿ ಕಡಿಮೆ ಮಾಡುತ್ತ ಬಂದೆವು. ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಜೋರಾಗಿ ಕೊಟ್ಟೆವು, ಹೆಸರುಬೇಳೆ ಕೋಸಂಬರಿಗೆ ನಿಂಬೆಹುಳಿ ಒಂದಿಷ್ಟು ಮುಂದೆ ಮಾಡಿದೆವು, ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು ಜಜ್ಜಿ ಹಾಕಿದೆವು. ಎರಡು ತಿಂಗಳಾದ ಮೇಲೆ ಒಂದು ಮದುವೆಗೆ ಹೋದರೆ ಅಲ್ಲಿನ ತಿಳಿಸಾರು ನಮಗೆ ಬರೀ ಉಪ್ಪುಪ್ಪು! ನಾಲಿಗೆ ಕಲಿತದ್ದನ್ನು ಮರೆಯಬಲ್ಲದು.

ನಾಲಿಗೆಯಷ್ಟೇ ಅಲ್ಲ, ಒಂದು ಪ್ರಾಂತವೇ ಬದಲಾದದ್ದುಂಟು. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಲಾಗಿ ಸಾಯುತ್ತಿದ್ದರು. 1972ರಲ್ಲಿ ಅಲ್ಲಿ ಬೆಣ್ಣೆ, ಉಪ್ಪು, ತಂಬಾಕು ಕಡಿಮೆ ಮಾಡಿಸುವ ಕೆಲಸ ಶುರುವಾಯಿತು. ಮುಂದಿನ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ 80ಕ್ಕಿಂತ ಹೆಚ್ಚು ಇಳಿಯಿತು.

ನಮ್ಮಲ್ಲಿ ಮದುವೆಮನೆಯಿಂದ ಶುರುಮಾಡೋಣ. ಎಲೆ ಹಾಕಿ ನೀರು ಚಿಮುಕಿಸುವಷ್ಟರಲ್ಲಿ ಉಪ್ಪು ಬಡಿಸುವವರು ಬಂದಿರುತ್ತಾರೆ. ಸಾರು ಇನ್ನೂ ಬಂದಿರುವುದಿಲ್ಲ, ಅದಕ್ಕೆ ಉಪ್ಪು ಸಾಲದು ಎಂದು ಯಾರೂ ಹೇಳಿರುವುದಿಲ್ಲ. ಆದರೂ ಕೈ ತಾನಾಗಿ ಅತ್ತ ಹೋಗುತ್ತದೆ, ಮೊಸರನ್ನಕ್ಕೆ ಬರುವ ಹೊತ್ತಿಗೆ ಎಲೆಯ ತುದಿ ಬರಿದಾಗಿರುತ್ತದೆ. ಶಾಸ್ತ್ರಕ್ಕೆ ಬೇಕೆನ್ನುವವರಿಗೆ ಒಂದು ಹರಳು ಸಾಕು. ಉಳಿದವರಿಗೆ ಕೇಳಿದರಷ್ಟೇ ಬಡಿಸಲಿ. ನಿಮ್ಮ ಮನೆಯ ಮುಂದಿನ ಮದುವೆಗೆ ಅಡುಗೆಯವರಿಗೆ ಮುಂಗಡ ಕೊಡುವ ದಿನವೇ ಈ ಮಾತು ಹೇಳಿಬಿಡಿ.