ಪೆಟ್ಟಿಗೆಯ ಅಳತೆ ಯಾರದು?

2024ರ ಹಂಗಾಮಿನಿಂದ ಹಿಮಾಚಲ ಪ್ರದೇಶ ಸರ್ಕಾರವು ಸೇಬಿಗೆ 20ರಿಂದ 24 ಕಿಲೋ ಹಿಡಿಯುವ ಏಕರೂಪದ ‘ಯೂನಿವರ್ಸಲ್ ಕಾರ್ಟನ್’ ಕಡ್ಡಾಯಗೊಳಿಸಿತು. ಅದುವರೆಗಿನ ಟೆಲಿಸ್ಕೋಪಿಕ್ ಪೆಟ್ಟಿಗೆ, ಮುಚ್ಚಳ ಮೇಲೆತ್ತಿದಷ್ಟೂ ಹಿಗ್ಗುವಂಥದು. ಬೆಲೆ ಪೆಟ್ಟಿಗೆಯ ಲೆಕ್ಕಕ್ಕೆ. ತುಂಬಿಸುವುದು ಮಾತ್ರ 30 ಕಿಲೋದವರೆಗೂ. ಹೆಚ್ಚುವರಿ ಹಣ್ಣು ಪುಕ್ಕಟೆ ಹೋಗುತ್ತದೆಂಬುದು ಬೆಳೆಗಾರರ ಬಹುಕಾಲದ ಅಳಲಾಗಿತ್ತು. (ಹಿಂದೊಮ್ಮೆ ಇದೇ ಸೇಬಿಗಾಗಿ ಫರ್, ಸ್ಪ್ರೂಸ್ ಮರಗಳು ಉರುಳಿ ಪೆಟ್ಟಿಗೆಯಾದುದನ್ನೂ ಮರೆಯಲಾಗದು.)

ಹಿಗ್ಗಿದ ಪೆಟ್ಟಿಗೆ ಉಗ್ರಾಣಕ್ಕೂ ಒಗ್ಗದು. ರಟ್ಟಿನ ಪೆಟ್ಟಿಗೆಯ ಬಲವೆಲ್ಲ ಬಹುಪಾಲು ಅದರ ಮೂಲೆಗಳಲ್ಲಿದೆ. ಅಳತೆ ಒಂದೇ ಆದರೆ ಮೂಲೆಯ ಮೇಲೆ ಮೂಲೆ ಕೂರುತ್ತದೆ. ತಪ್ಪಿದರೆ ಮೇಲಿನ ಭಾರ ರಟ್ಟನ್ನು ಬಗ್ಗಿಸಿ ಕೆಳಗಿನ ಹಣ್ಣನ್ನು ಜಜ್ಜುತ್ತದೆ. 1200ಕ್ಕೆ 1000 ಮಿಲಿಮೀಟರಿನ ಪ್ಯಾಲೆಟ್ ಮೇಲೆ 600ಕ್ಕೆ 400ರ ಪೆಟ್ಟಿಗೆಗಳು ಸಾಲಿಗೆ ಐದು, ಒಂದಂಗುಲವೂ ವ್ಯರ್ಥವಾಗದೆ. ಲಾರಿಯಲ್ಲಿ ಖಾಲಿ ಜಾಗವನ್ನು ಸಾಗಿಸುವುದೂ ಡೀಸೆಲ್ ಸುಟ್ಟೇ ಅಲ್ಲವೆ?

ನಮ್ಮ ಮಲೆನಾಡಿನ ಅನಾನಸು, ಬಾಳೆಗಳು ಇಂದಿಗೂ ಹೆಚ್ಚಾಗಿ ರಾಶಿಯಾಗಿಯೇ ಲಾರಿಯೇರುತ್ತವೆ. ಇಲ್ಲಿಗೂ ಒಂದು ಅಳತೆ ಬರಲಿ, ಆದರೆ ಬೆಳೆಗಾರರನ್ನು ಕೇಳಿ ಬರಲಿ. ತೋಯ್ದ ರಟ್ಟು ಬಲಗುಂದುವ ಮಳೆನಾಡಿಗೆ ಮರುಬಳಕೆಯ ಕ್ರೇಟೇ ಲೇಸು. ಖಾಲಿ ಕ್ರೇಟು ಮರಳಿ ಘಟ್ಟವೇರುವ ಬಾಡಿಗೆಯನ್ನು ಮಾತ್ರ ಕೊಳ್ಳುವವರೇ ಭರಿಸತಕ್ಕದ್ದು.