ಟೈಗರಿನ ಚೀಲ ಯಾಕೆ ಮುಗಿಯಲಿಲ್ಲ?

ಕಡಬದ ಮನೆಯಲ್ಲಿ ಡಾಗ್ ಫುಡ್ ಖಾಲಿಯಾದಾಗ ಬೆಂಗಳೂರಿನಿಂದ ಆರ್ಡರ್ ಮಾಡುವುದು ನನ್ನ ಕೆಲಸ. ಟೈಗರ್ ಐದು ತಿಂಗಳ ಮರಿ, ಚೀಲದ ಮೇಲಿನ ಅಳತೆ ಪ್ರಕಾರ ತಿಂಗಳಲ್ಲಿ ಮುಗಿಯಬೇಕು. ಎರಡು ತಿಂಗಳಾದರೂ ಸುದ್ದಿ ಇಲ್ಲ. ಫೋನ್ ಮಾಡಿದರೆ ಅಮ್ಮ, "ಇನ್ನೂ ಸ್ವಲ್ಪ ಉಂಟಲ್ಲ, ಎಂತ ಅರ್ಜೆಂಟು?" ಅಂದರು. ಆಮೇಲೆ ಗೊತ್ತಾಯ್ತು, ಅಪ್ಪ ಅದನ್ನು ಕುಚ್ಚಲಕ್ಕಿ ಗಂಜಿಗೆ ಬೆರೆಸಿ ಹಾಕ್ತಿದ್ದಾರೆ. "ನಮ್ಮ ಹಿಂದಿನ ನಾಯಿಗಳೆಲ್ಲ ಗಂಜಿ ತಿಂದೇ ಹನ್ನೆರಡು ವರ್ಷ ಬದುಕಿದ್ದು ಮಾರಾಯ" ಅಂತ ವಾದ ಬೇರೆ.

ಊರಿಗೆ ಹೋಗುವಾಗ ಪುತ್ತೂರಲ್ಲಿ ಇಳಿದು ಅಂಗಡಿಯಲ್ಲಿ ಎರಡು ಚೀಲ ತಿರುಗಿಸಿ ನೋಡಿದೆ. ಒಂದರಲ್ಲಿ ಶೇಕಡಾ ಪ್ರೋಟೀನ್ 24, ಕೊಬ್ಬು 10, ನಾರು 4, ತೇವಾಂಶ 10. ಅಗ್ಗದ ಇನ್ನೊಂದರಲ್ಲಿ 20, 8, 5, 12. ಕಾರ್ಬೋಹೈಡ್ರೇಟ್ ಎಷ್ಟು ಅಂತ ಎರಡರಲ್ಲೂ ಬರೆದಿಲ್ಲ. ಹೆಚ್ಚಿನ ಕಂಪನಿಗಳು ಬರೆಯುವುದಿಲ್ಲ, ನಾವೇ ಕಳೆಯಬೇಕು. ಖನಿಜಾಂಶ, ಅಂದರೆ ಬೂದಿ, ಕೊಡದಿದ್ದರೆ ಸುಮಾರು 8 ಅಂತ ಹಿಡಿಯಿರಿ. ನೂರರಿಂದ ಎಲ್ಲ ಕಳೆದರೆ ಮೊದಲಿನದರಲ್ಲಿ ಉಳಿಯುವುದು 44, ಎರಡನೆಯದರಲ್ಲಿ 47. ಅರ್ಧದ ಹತ್ತಿರ ಪಿಷ್ಟವೇ!

ಹೆದರಬೇಡಿ, ಪಿಷ್ಟ ವಿಷವಲ್ಲ. ಗುಳಿಗೆ ಗಟ್ಟಿಯಾಗಿ ನಿಲ್ಲಲಿಕ್ಕೂ ಅದು ಬೇಕು. ಧಾನ್ಯ ಇಲ್ಲ ಎಂದು ಬರೆದ ಚೀಲದಲ್ಲೂ ಆಲೂಗಡ್ಡೆಯೋ ಬಟಾಣಿಯೋ ಇರ್ತದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಹೇಳಿದ್ದು ಅಪ್ಪನಿಗೆ ಖುಷಿ ಕೊಡುವ ಸಂಗತಿ: ಪಿಷ್ಟ ಜೀರ್ಣಿಸುವ ಜೀನ್‌ನ ಪ್ರತಿಗಳು ತೋಳದಲ್ಲಿ 2, ನಾಯಿಯಲ್ಲಿ 4ರಿಂದ 30. ಮನುಷ್ಯರ ಅನ್ನದ ಜೊತೆ ಬೆಳೆದ ಪ್ರಾಣಿ ಅದು.

ಪ್ರೋಟೀನನ್ನು ಹೋಲಿಸುವಾಗ ಮಾತ್ರ ನೀರು ತೆಗೆದೇ ಲೆಕ್ಕ ಹಾಕಬೇಕು. 24ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 26.7. ಅಗ್ಗದ್ದು 20ನ್ನು 88ರಿಂದ ಭಾಗಿಸಿದರೆ 22.7. ಅಮೆರಿಕದ ಆಫ್ಕೋ ಸಂಸ್ಥೆ ಮರಿಗಳಿಗೆ ಹೇಳುವ ಕನಿಷ್ಠ 22.5, ದೊಡ್ಡ ನಾಯಿಗೆ 18. ಅಗ್ಗದ್ದು ಕೂದಲೆಳೆಯಲ್ಲಿ ಪಾಸು. ಗ್ರೇವಿ ಪೌಚಿನ ಮೇಲೆ ಪ್ರೋಟೀನ್ 8 ಅಂತ ಕಂಡರೆ ನಗಬೇಡಿ, ನೀರು 80 ಇದ್ದರೆ ನಿಜವಾದ ಲೆಕ್ಕ 40.

ಇನ್ನೊಂದು ಕಿರಿಕಿರಿ ಉಂಟು. ಲ್ಯಾಬಿನಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೀತಾರೆ. ಕೋಳಿಯದ್ದೋ, ಜೋಳದ ಅಂಟಿನದ್ದೋ ಅಂಕಿ ಹೇಳುವುದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಬೆರೆತ ಸಾಕುಪ್ರಾಣಿ ಆಹಾರದ ಹಗರಣ ಆದದ್ದು ಈ ಸಂದಿಯಲ್ಲೇ. ಹಾಗಾಗಿ ಸಾಮಗ್ರಿ ಪಟ್ಟಿಯನ್ನೂ ಓದಿ. ತೂಕ ಹೆಚ್ಚಿದ್ದು ಮೊದಲು ಬರ್ತದೆ, ಆದರೆ ಹಸಿ ಕೋಳಿಯ ತೂಕದಲ್ಲಿ ನೀರೇ ಜಾಸ್ತಿ.

ಮನೆಗೆ ಹೋಗಿ ಅಪ್ಪನ ಎದುರು ಕ್ಯಾಲ್ಕ್ಯುಲೇಟರ್ ಇಟ್ಟೆ. ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8, ನೀರು ತೆಗೆದ ಲೆಕ್ಕದಲ್ಲೂ ಅಷ್ಟೇ ಆಸುಪಾಸು. ಒಣ ತೂಕದಲ್ಲಿ ಅಕ್ಕಿ ಅರ್ಧ, 26.7ರ ಗುಳಿಗೆ ಅರ್ಧ ಬೆರೆಸಿದರೆ ಎಷ್ಟು? ಹದಿನೇಳು ಚಿಲ್ಲರೆ. ಮರಿ ಬಿಡಿ, ದೊಡ್ಡ ನಾಯಿಗೂ ಕಡಿಮೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ನಾವೇ ತೆಳು ಮಾಡ್ತಿದ್ದೇವೆ. ಮರಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಹಾಗೆಯೇ ತೆಳುವಾಗ್ತದೆ.

ಅಪ್ಪ ಸುಮ್ಮನೆ ಕೂತರು. ಆಮೇಲೆ, "ಹಿಂದಿನ ನಾಯಿಗಳು?" ಅಂತ ಕೇಳಿದರು. ಉತ್ತರ ಕೊಟ್ಟದ್ದು ಅಮ್ಮ, ಅಡುಗೆಮನೆಯಿಂದ: "ಅವು ಗಂಜಿ ಮಾತ್ರ ತಿಂದದ್ದಾ? ಬಂಗುಡೆ ತಲೆ, ಕೋಳಿಯ ಕರುಳು, ತೋಟದ ಹೆಗ್ಗಣ, ಅದೆಲ್ಲ ಯಾರ ಲೆಕ್ಕ?"

ಗಂಜಿ ಪೂರ್ತಿ ನಿಂತಿಲ್ಲ. ಸಂಜೆ ಒಂದು ಸೌಟು, ಈರುಳ್ಳಿ ಹಾಕಿದ ಸಾರು ಇಲ್ಲದೆ, ಜೊತೆಗೆ ಬೇಯಿಸಿದ ಮೊಟ್ಟೆ. ಉಳಿದದ್ದು ಚೀಲದ ಅಳತೆಯಂತೆ. ಮೊನ್ನೆ ಅಪ್ಪನೇ ಫೋನ್ ಮಾಡಿದರು, "ಚೀಲ ಮುಗೀತು. ಆ 24ರದ್ದೇ ಕಳಿಸು."