ಉಬ್ಬೆಗ: ಚಿಂತೆಯೋ, ನಡುಕವೋ?

ಹಳಗನ್ನಡದ ‘ಉಬ್ಬೆಗ’ ಪದಕ್ಕೆ ಚಿಂತೆ, ಕಳವಳ ಎಂದು ಅರ್ಥ ಹೇಳುವುದು ರೂಢಿ. ರೂಪಸಾಮ್ಯವನ್ನು ನೆಚ್ಚಿ ಇದನ್ನು ಕನ್ನಡದ ‘ಉಬ್ಬು’ ಧಾತುವಿಗೆ ಜೋಡಿಸುವುದು ಸಲ್ಲದು. ‘ಉದ್ಯೋಗ’ವು ‘ಉಜ್ಜುಗ’ವಾದಂತೆ ಸಂಸ್ಕೃತದ ‘ಉದ್ವೇಗ’ವು ‘ಉಬ್ಬೆಗ’ವಾಗಿದೆ, ವಿಜಾತೀಯ ಒತ್ತು ಸಜಾತೀಯವಾಗಿದೆ. ಪಾಲಿಯಲ್ಲಿಯೂ ‘ಉಬ್ಬೇಗ’ ಎಂಬ ರೂಪವಿದೆ.

ಉದ್ವೇಗದ ಮೂಲ ‘ವಿಜ್’ ಧಾತು. ನಡುಗು, ಬೆದರಿ ಚಲಿಸು ಎಂಬುದು ಅದರ ಅರ್ಥ. ಆದ್ದರಿಂದ ಉಬ್ಬೆಗವು ಬರಿಯ ಚಿಂತೆಯಲ್ಲ. ಚಿಂತೆ ಮನಸ್ಸಿನ ವ್ಯಾಪಾರ. ಉಬ್ಬೆಗದಲ್ಲಿ ಮೈಯ ನಡುಕವೂ ಬೆರೆತಿದೆ.

ಜೈನ ಪರಿಭಾಷೆಯ ‘ಸಂವೇಗ’ವೂ ಇದೇ ಧಾತುವಿನಿಂದ ಹುಟ್ಟಿದ್ದು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದರು, ಸಂಸಾರದುಃಖದ ವಿಷಯದಲ್ಲಿ ಸದಾ ಇರುವ ಭೀತಿಯೇ ಸಂವೇಗವೆನ್ನುತ್ತಾರೆ. ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ನೀಲಾಂಜನೆ ನರ್ತಿಸುತ್ತಿರುವಾಗಲೇ ಅಳಿದುದನ್ನು ಅರಿತ ಆದಿದೇವನಲ್ಲಿ ಮೂಡುವುದು ಇಂಥ ಕಂಪನವೇ.

ನಡುಕ ಒಂದೇ, ಉಪಸರ್ಗ ಅದರ ದಿಕ್ಕನ್ನು ಬದಲಿಸಿದೆ. ಉದ್ವೇಗ ದಾರಿಗೆಡಿಸುತ್ತದೆ, ಸಂವೇಗ ದಾರಿ ತೋರುತ್ತದೆ. ಟಿಪ್ಪಣಿಕಾರರು ಎರಡನ್ನೂ ‘ಚಿಂತೆ’ ಎಂದು ಬರೆದು ಮುಂದೆ ಸಾಗಿದರೆ, ಭಯವು ವೈರಾಗ್ಯವಾಗಿ ಮಾಗುವ ಬಗೆಯೇ ವಿದ್ಯಾರ್ಥಿಯ ಕಣ್ಣಿಗೆ ಬೀಳದೆ ಹೋಗುತ್ತದೆ.